ಅಜ್ಜಿಗೆ ಯಾರು ಹೇಳಿದರು?

ಕುಮಟೆಯಿಂದ ಹೊಲನಗದ್ದೆ, ಬಾಡ, ಕಾಗಾಲ ದಾಟಿ ಅಘನಾಶಿನಿ ಊರಿಗೆ ಹೋಗುವ ದಾರಿಯಲ್ಲಿ ಪೂರ್ತಿ ಬೀಗ ಬಿದ್ದ ಮನೆಗಳು ಕಡಿಮೆ. ಅರ್ಧ ಮುಚ್ಚಿದ ಮನೆಗಳೇ ಹೆಚ್ಚು. ಜಗುಲಿ, ಒಂದು ಕೋಣೆ, ಅಡುಗೆಮನೆ ಇಷ್ಟು ಬಳಕೆಯಲ್ಲಿರುತ್ತದೆ. ಉಳಿದ ಕೋಣೆಗಳ ಕದ ತೆರೆಯುವುದು ಚೌತಿಗೆ ಮಕ್ಕಳು ಬಂದಾಗ, ಇಲ್ಲವೇ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಬಂದಾಗ. ಅಂಗಳದಲ್ಲಿ ತೆಂಗಿನಕಾಯಿ ಹೋಳೋ ಒಣಮೀನೋ ಹರವಿರುತ್ತದೆ, ಕಾಗೆ ಓಡಿಸುತ್ತ ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ, ಅವರಿಗೆ ಎಪ್ಪತ್ತು ದಾಟಿರುತ್ತದೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಶೇ 9.5ರಷ್ಟಿದ್ದರು. ಅದು ಇಡೀ ರಾಜ್ಯದ ಲೆಕ್ಕ. ಹರೆಯದವರು ಬೆಂಗಳೂರಿಗೂ ಮುಂಬೈಗೂ ಗೋವೆಗೂ ಕೊಲ್ಲಿ ದೇಶಗಳಿಗೂ ಹೋಗಿರುವ ಈ ಕರಾವಳಿಯ ಕೆಲವು ಕೇರಿಗಳಲ್ಲಿ ಮಧ್ಯಾಹ್ನದ ಹೊತ್ತು ನಡೆದರೆ, ಬೋರ್ಡು ಹಾಕಿಲ್ಲದ ಹಿರಿಯರ ವಸತಿಯೊಂದರಲ್ಲಿ ನಡೆಯುತ್ತಿದ್ದೇನೆ ಅನ್ನಿಸುತ್ತದೆ.

ಈ ದಾರಿ ಹಿಡಿಯುವುದಕ್ಕೆ ನನಗೆ ಕಾರಣವಿತ್ತು. ನನ್ನ ಚಿಕ್ಕಮ್ಮ ಬೆಂಗಳೂರಿನ ಹೊರವಲಯದ ಒಂದು ಹಿರಿಯರ ವಸತಿಯಲ್ಲಿದ್ದಾರೆ. ಅಲ್ಲಿ ಬೆಳಿಗ್ಗೆ ರಕ್ತದೊತ್ತಡ ನೋಡುತ್ತಾರೆ, ಊಟ ಸೇರಿತೋ ಇಲ್ಲವೋ ಬರೆದುಕೊಳ್ಳುತ್ತಾರೆ, ಸಂಜೆಯೊಳಗೆ ಎಲ್ಲ ವಿವರ ಅಮೆರಿಕದಲ್ಲಿರುವ ಮಗನ ಫೋನು ಸೇರುತ್ತದೆ. ಒಮ್ಮೆ ಅವರ ಮಾತ್ರೆ ಬದಲಾಯಿತು. ಮಗನಿಗೆ ಗೊತ್ತಿತ್ತು, ಸೊಸೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನುಂಗುವವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. “ಬಿಳಿ ಗುಳಿಗೆ ಹೋಗಿ ಗುಲಾಬಿ ಬಣ್ಣದ್ದು ಬಂತು. ಯಾಕೆ ಅಂತ ಕೇಳಿದರೆ, ನಿಮ್ಮ ಮಗನಿಗೆ ಹೇಳಿದ್ದೇವಲ್ಲ ಅಮ್ಮ ಅಂದರು” ಎಂದರು ಚಿಕ್ಕಮ್ಮ. ಸಿಟ್ಟಿನಿಂದ ಹೇಳಲಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು ಸಿಟ್ಟಿಲ್ಲದೆ ಹಾಗೆ ಹೇಳಿದ್ದೇ ನನ್ನನ್ನು ಕೊರೆಯತೊಡಗಿತು. ವಯಸ್ಸಾದವರ ಬಗ್ಗೆ ತಿಳಿಸುವ ಏರ್ಪಾಡು ನಮ್ಮಲ್ಲಿ ದಿನದಿನಕ್ಕೆ ಬೆಳೆಯುತ್ತಿದೆ. ವಯಸ್ಸಾದವರಿಗೆ ತಿಳಿಸುವ ಏರ್ಪಾಡು ಎಲ್ಲಿ ಹೋಯಿತು? ಚಿಕ್ಕಮ್ಮನ ತವರು ಕುಮಟಾ ಸೀಮೆ. ಅಲ್ಲಿ ಇದು ಹೇಗೆ ನಡೆಯುತ್ತಿತ್ತು, ಈಗ ಹೇಗಿದೆ ಎಂದು ನೋಡಿಕೊಂಡು ಬರಬೇಕೆನಿಸಿತು.

ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯುದ್ದಕ್ಕೂ ಒಂದು ಅಣೆಕಟ್ಟೂ ಇಲ್ಲದೆ ಇಲ್ಲಿ ಕಡಲು ಸೇರುತ್ತದೆ. ದಕ್ಷಿಣದ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಊರು, ಎದುರು ದಡದಲ್ಲಿ ತದಡಿ ಬಂದರು. ನಡುವೆ ದೋಣಿ. ರಸ್ತೆಯಲ್ಲಿ ಹೋದರೆ ಹೆದ್ದಾರಿ ಸುತ್ತಿ ಬರಬೇಕಾದ ದೂರವನ್ನು ಅದು ಕೆಲವೇ ನಿಮಿಷಗಳಲ್ಲಿ ದಾಟಿಸುತ್ತದೆ. ಧಕ್ಕೆಯಲ್ಲಿ ದೋಣಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಾಸ್‌ಬುಕ್ಕು.

“ಗೋಕರ್ಣಕ್ಕೆ ಹೊರಟ್ರಾ ಅಮ್ಮ?”

“ಹೌದ, ತಮಾ. ಬ್ಯಾಂಕಿಗೆ. ಗೃಹಲಕ್ಷ್ಮಿ ಬಂತೋ ಇಲ್ವೋ ನೋಡೂಕೆ.”

“ಮೆಸೇಜು ಬರೋದಿಲ್ವಾ?”

“ಬತ್ತದೆ. ಮೊಮ್ಮಗನ ಫೋನಿಗೆ. ಅಂವ ಬೆಂಗ್ಳೂರಲ್ಲಿ ಇರ್ತ. ಬರ್ಸುವಾಗ ಅಂವನ ನಂಬರೇ ಕೊಟ್ಟದ್ದು.”

“ಅವನು ಫೋನ್ ಮಾಡಿ ಹೇಳ್ತಾನಲ್ಲ?”

“ಹೇಳ್ತ, ನೆನಪಾದಾಗ. ಅಂವಂಗೂ ಕೆಲ್ಸ ಇರ್ತದಲ್ಲ. ಅದ್ಕೇ ನಾನೇ ಹೋಗಿ ಕೇಳ್ಕಂಡು ಬತ್ತೆ.”

2023ರ ಆಗಸ್ಟಿನಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಜಮೆಯಾಗುವ ಯೋಜನೆ ಅದು. ಸಂಧ್ಯಾ ಸುರಕ್ಷಾ ಪಿಂಚಣಿಯೂ ಹೀಗೇ ಖಾತೆಗೆ ಬರುತ್ತದೆ. ನೇರ ಜಮೆಯಿಂದ ಮಧ್ಯವರ್ತಿಗಳ ಕಾಟ ತಪ್ಪಿತು, ಅದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ದುಡ್ಡು ಅಜ್ಜಿಯ ಖಾತೆಗೆ ಬಂದು, ಬಂದ ಸುದ್ದಿ ಇನ್ನೊಂದು ಊರಿನ ಇನ್ನೊಬ್ಬರ ಜೇಬಿನಲ್ಲಿ ಸದ್ದು ಮಾಡುವುದು ಎಷ್ಟು ಮನೆಗಳಲ್ಲಿ ನಡೆಯುತ್ತಿದೆ! ತದಡಿಯಲ್ಲಿಳಿದ ಮೇಲೆ ಅಜ್ಜಿ ಮೀನಿನ ಬುಟ್ಟಿಗಳ ನಡುವೆ ಸರಸರ ನಡೆದು ಬಸ್ಸು ಹತ್ತಿದರು. ಈ ಓಡಾಟ ಅವರಿಗೆ ಬೇಸರದ್ದಾಗಿ ಕಾಣಲಿಲ್ಲ. ಆದರೂ ಸೊಂಟ ನೆಟ್ಟಗಿರುವವರೆಗೆ ಮಾತ್ರ ಇದು ಸಾಗುವ ದಾರಿ.

ಮನಿಯಾರ್ಡರ್ ಕಾಲವನ್ನು ಈ ಊರುಗಳ ಹಿರಿಯರು ಈಗಲೂ ಆಸೆಯಿಂದ ನೆನೆಯುತ್ತಾರೆ. ಇಲ್ಲಿಂದ ಮುಂಬೈಗೆ ಹೋದವರ ಪರಂಪರೆ ಹಳೆಯದು. ಹತ್ತಿರದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬಾಳಿನ ಬಹುಭಾಗ ಮುಂಬೈಯಲ್ಲಿ ಕಳೆದು, ಬರೆಯುವಾಗ ಮತ್ತೆಮತ್ತೆ ಹನೇಹಳ್ಳಿಗೇ ಮರಳಿದರು. ಬರೆಯಲು ಬಾರದವರೂ ತಿಂಗಳಿಗೊಮ್ಮೆ ಊರಿಗೆ ಮರಳುತ್ತಿದ್ದರು, ಮನಿಯಾರ್ಡರ್ ಫಾರಮಿನ ತುದಿಯ ಆ ಚಿಕ್ಕ ತುಂಡಿನಲ್ಲಿ. ನಾಲ್ಕು ಸಾಲಿಗೆ ಜಾಗವಿರುತ್ತಿತ್ತು. ಕ್ಷೇಮ, ಮಳೆ ಜೋರು, ತಮ್ಮನ ಫೀಗೆ ಇಪ್ಪತ್ತು ತೆಗೆದಿಡು, ಚೌತಿಗೆ ಬರುವೆ. ಅಂಚೆಯವನು ಜಗುಲಿಯಲ್ಲಿ ಕೂತು ಮೊದಲು ಅದನ್ನು ಓದಿ ಹೇಳುತ್ತಿದ್ದ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಎಣಿಸುತ್ತಿದ್ದ. ದುಡ್ಡೂ ಸುದ್ದಿಯೂ ಒಂದೇ ಕೈಗೆ, ತಾಯಿಯ ಕೈಗೆ, ಒಟ್ಟಿಗೆ ಬರುತ್ತಿದ್ದವು. ಆ ತುಂಡನ್ನು ದೇವರ ಪಟದ ಹಿಂದೆ ಸಿಕ್ಕಿಸಿಡುವ ರೂಢಿಯಿತ್ತು. ಕಾಗಾಲದ ಒಂದು ಮನೆಯಲ್ಲಿ ಅಂಥ ಒಂದು ಕಟ್ಟನ್ನು ನನಗೆ ತೋರಿಸಿದರು. ಶಾಯಿ ಮಾಸಿದೆ, ಓದಲು ಬರುವುದಿಲ್ಲ. ಏನು ಬರೆದಿದೆ ಎಂದು ಕೇಳಿದರೆ ಮನೆಯಾಕೆ ಒಂದೊಂದನ್ನೂ ಬಾಯಿಪಾಠ ಹೇಳುತ್ತಾರೆ.

ತಂತಿಯದು ಬೇರೆ ಕಥೆ. ಈ ಕಡೆ ತಂತಿ ಬಂತೆಂದರೆ ಸಾವಿನ ಸುದ್ದಿ ಎಂದೇ ಲೆಕ್ಕ. ಕಾಗದ ಬಿಡಿಸುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಆದರೆ ಅದನ್ನು ಹಾಸಿಗೆ ಹಿಡಿದ ಮುದುಕರಿಂದ ಮುಚ್ಚಿಡುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ, ಯಾಕೆಂದರೆ ಸೂತಕ ತಗಲುವವರಿಗೆಲ್ಲ ಹೇಳಲೇಬೇಕು. ಎಷ್ಟೇ ವಯಸ್ಸಾಗಿರಲಿ, ಅಣ್ಣ ಹೋದ ಎಂದು ತಿಳಿದು ತಲೆಗೆ ನೀರು ಹಾಕಿಕೊಳ್ಳುವ ಬಾಧ್ಯತೆ, ಹಾಗೆಯೇ ಹಕ್ಕು, ಅವರಿಗಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಈಗ ಸಾವಿನ ಸುದ್ದಿ ಕ್ಷಣದಲ್ಲಿ ಎಲ್ಲರನ್ನೂ ಮುಟ್ಟುತ್ತದೆ. ಜೊತೆಗೇ ಇನ್ನೊಂದು ಸಂದೇಶ ಬರುತ್ತದೆ: ದೊಡ್ಡಮ್ಮನಿಗೆ ಹೇಳಬೇಡಿ, ತಡೆದುಕೊಳ್ಳಲಾರರು. ಇದರ ಹಿಂದಿರುವುದು ಪ್ರೀತಿಯೇ, ಬಲ್ಲೆ. ಆದರೆ ಎಂಬತ್ತು ವರ್ಷ ಬದುಕಿದವರು ಗಂಡನನ್ನೋ ಮಗುವನ್ನೋ ಕಳೆದುಕೊಂಡು ತಡೆದುಕೊಂಡವರು. ತಂಗಿ ಯಾಕೆ ಫೋನ್ ಮಾಡುವುದಿಲ್ಲ ಎಂದು ವರ್ಷಗಟ್ಟಲೆ ಒಳಗೊಳಗೇ ನೊಂದುಕೊಳ್ಳುವುದಕ್ಕಿಂತ ಅಳುವುದು ಹಗುರ.

ನದಿಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಗಜನಿಗಳು. ಕಡಲಿನ ನೀರು ಏರಿ ಇಳಿಯುವ ಈ ಜವುಗು ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ಗಟ್ಟಿ ತಳಿ ಅದು, ಗೊಬ್ಬರ ಬೇಡದ್ದು. ಮಾಣಿಕಟ್ಟಾದಲ್ಲಿ ಊರವರು ಕೂಡಿ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಗಜನಿಯ ಜೀವ ಇರುವುದು ಒಡ್ಡಿನಲ್ಲಿ ಮತ್ತು ಆ ಒಡ್ಡಿಗೆ ಕೂಡಿಸಿದ ಹಲಗೆ ಬಾಗಿಲಿನಲ್ಲಿ. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಹಾಕಬೇಕು ಎಂಬುದು ಭರತ ಇಳಿತದ ಲೆಕ್ಕ. ಆ ಲೆಕ್ಕ ಮುದುಕರ ತಲೆಯಲ್ಲಿದೆ. ಒಡ್ಡಿನ ಮೇಲೆ ಸಿಕ್ಕ ಹಿರಿಯರೊಬ್ಬರು ಇವತ್ತು ಸಪ್ತಮಿ ಎಂಬುದನ್ನಷ್ಟೇ ಕೇಳಿಕೊಂಡು ನೀರು ಯಾವ ಹೊತ್ತಿಗೆ ತಿರುಗುತ್ತದೆ ಎಂದು ಹೇಳಿದರು. ದಿನಕ್ಕೆ ಸುಮಾರು ಎರಡು ಗಳಿಗೆ ತಡ, ಅಮಾವಾಸ್ಯೆ ಹುಣ್ಣಿಮೆಗೆ ದೊಡ್ಡ ನೀರು, ಅಷ್ಟಮಿಯ ಆಚೀಚೆ ಸಣ್ಣ ನೀರು. ನಾವು ಕಾದು ಕೂತೆವು. ನೀರು ತಿರುಗಿತು.

ಇಂಥ ಕಡೆ ಬಂದಾಗ ನನ್ನ ಪ್ರಶ್ನೆ ತಿರುವು ತೆಗೆದುಕೊಂಡಿತು. ಹಿರಿಯರಿಗೆ ಸುದ್ದಿ ಮುಟ್ಟಿಸುವುದು ಎಂದು ನಾವು ಮಾತಾಡುವಾಗ ಅವರನ್ನು ಪಡೆಯುವವರ ಜಾಗದಲ್ಲಿ ಕೂರಿಸಿಬಿಡುತ್ತೇವೆ. ಇಲ್ಲಿ ಸುದ್ದಿ ಕೊಡುವವರೇ ಅವರಾಗಿದ್ದರು. ಅಣೆಕಟ್ಟಿಲ್ಲದ ನದಿಯಾದ್ದರಿಂದ ಗೇಟು ತೆರೆಯುತ್ತೇವೆ ಎಂಬ ಮುನ್ನೆಚ್ಚರಿಕೆ ಅಘನಾಶಿನಿಗೆ ಇಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಸುರಿದ ಮಳೆ ನೇರ ಕೆಳಗೆ ಬರುತ್ತದೆ. ನೀರಿನ ಬಣ್ಣ, ಅದರಲ್ಲಿ ತೇಲಿಬರುವ ಸೊಪ್ಪುಸದೆ ನೋಡಿ, ದನ ಬಿಚ್ಚಿ ಎತ್ತರಕ್ಕೆ ಹೊಡೆಯಿರಿ ಎಂದು ಹೇಳುತ್ತಿದ್ದವರು ಅಜ್ಜಂದಿರು. ಈಗ ಜಿಲ್ಲಾಡಳಿತದ ಎಚ್ಚರಿಕೆ ಫೋನಿಗೆ ಬರುತ್ತದೆ. ಅದು ಬರಲಿ, ಬರಲೇಬೇಕು. ಆದರೆ ಅದೇ ಊರಿನ ಒಡ್ಡಿನ ಮೇಲೆ ಕೂತ ಮನುಷ್ಯನನ್ನು ಕೇಳುವವರು ಕಡಿಮೆಯಾದರು. ಯಾರೂ ಕೇಳದಿದ್ದಾಗ ಹೇಳುವವರೂ ಸುಮ್ಮನಾಗುತ್ತಾರೆ.

ಅವರಿಗೆ ಹೇಳದೆ ಹೋದದ್ದೂ ಬಹಳ ಇದೆ. 2024ರ ಜನವರಿಯಲ್ಲಿ 4,801 ಹೆಕ್ಟೇರಿನ ಈ ಅಳಿವೆ, ಜಗತ್ತಿನ ಮುಖ್ಯ ಜೌಗುಗಳನ್ನು ಕಾಪಾಡುವ ಒಪ್ಪಂದದ ರಾಮ್ಸಾರ್ ಪಟ್ಟಿ ಸೇರಿತು. ಹೆಮ್ಮೆಯ ಸುದ್ದಿ. ಸೊಂಟಮಟ್ಟ ನೀರಿನಲ್ಲಿ ನಿಂತು ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಲೇ ಮುದುಕಿಯಾದ ಒಬ್ಬರನ್ನು ಆ ಬಗ್ಗೆ ಕೇಳಿದೆ. “ರಾಮ್ಸಾರ ಅಂದ್ರೆ ಎಂತದು? ಹೆಕ್ಕೂಕೆ ಬಿಡ್ತ್ರೋ ಇಲ್ಲೋ?” ಎಂದು ಅವರೇ ನನ್ನನ್ನು ಕೇಳಿದರು. ಜೌಗನ್ನು ಹದವರಿತು ಬಳಸುವುದಕ್ಕೆ ಆ ಒಪ್ಪಂದ ಅಡ್ಡಿ ಮಾಡುವುದಿಲ್ಲ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಜಗತ್ತಿಗೆಲ್ಲ ಹಂಚಿದ ಸುದ್ದಿಯನ್ನು ಅವರಿಗೆ ಒಬ್ಬ ದಾರಿಹೋಕ ಹೇಳಬೇಕಾಯಿತು.

ಮಿರ್ಜಾನ ಕೋಟೆಯನ್ನು ಹೊರಗಿನಿಂದಲೇ ನೋಡಿ ಹೆದ್ದಾರಿಗೆ ಬಂದೆ. ಇದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಅಂಕೋಲೆಯ ಶಿರೂರು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ರಸ್ತೆಯನ್ನೂ ಜನರನ್ನೂ ಗಂಗಾವಳಿಗೆ ತಳ್ಳಿತು. ಎದುರು ದಡದ ಉಳುವರೆಯ ಮನೆಗಳಿಗೆ ನೀರು ಅಪ್ಪಳಿಸಿತು. ಲಾರಿಯ ಸಮೇತ ಕಾಣೆಯಾದ ಕೇರಳದ ಚಾಲಕನ ಮನೆಯವರು ಒಂದು ಖಚಿತ ಮಾತಿಗಾಗಿ ಸೆಪ್ಟೆಂಬರ್ ಕೊನೆಯವರೆಗೆ ಕಾದರು. ಸುದ್ದಿ ಇಲ್ಲದಿರುವುದು ಕೆಟ್ಟ ಸುದ್ದಿಗಿಂತ ಘೋರ ಎಂಬುದನ್ನು ಆ ದಿನಗಳಲ್ಲಿ ಈ ಕರಾವಳಿಯವರೆಲ್ಲ ಕಣ್ಣಾರೆ ಕಂಡರು. ದಿವಗಿಯ ಚಹದಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರಿಗೆ ಗುಡ್ಡ ಬಿದ್ದದ್ದು ತಿಳಿದದ್ದು ದುಬೈಯಲ್ಲಿರುವ ಮಗಳಿಂದ. ಆಕೆ ಫೋನ್ ಮಾಡಿ, ಅಪ್ಪ ಮನೆಯಿಂದ ಹೊರಡಬೇಡ ಅಂದಳಂತೆ. “ಇಲ್ಲೇ ಬಗಲಲ್ಲಿ ಆದದ್ದು ದುಬೈಗೆ ಹೋಗಿ ತಿರುಗಿ ನನ್ನ ಹತ್ರ ಬಂತು” ಎಂದು ಹೇಳಿ ಅವರು ತುಂಬ ಹೊತ್ತು ಮಾತಾಡಲಿಲ್ಲ.

ಈ ಜಿಲ್ಲೆಯಲ್ಲಿ ಸುದ್ದಿಯ ಪ್ರಶ್ನೆ ಆಸ್ಪತ್ರೆಯ ಪ್ರಶ್ನೆಯೂ ಹೌದು. ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಬಳಿ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಗಟ್ಟಿಯಾಯಿತು. ಕುಮಟೆಯಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಆ ದಾರಿಯಲ್ಲಿ ಮಲಗಿ ಹೋದ ಒಬ್ಬರು ನನಗೆ ಹೇಳಿದ್ದು ನೋವಿನ ಬಗ್ಗೆ ಅಲ್ಲ. ಮೇಲೆ ಆಂಬುಲೆನ್ಸಿನ ತಗಡು ಕಾಣುತ್ತಿತ್ತು, ಎಲ್ಲಿಗೆ ಒಯ್ಯುತ್ತಿದ್ದಾರೆ ಎಂದು ಯಾರೂ ಹೇಳಲಿಲ್ಲ, ಮಗ ಮುಂದೆ ಕೂತು ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ, ಅದನ್ನು ಕದ್ದು ಕೇಳಿ ತಿಳಿದುಕೊಂಡೆ ಅಂದರು.

ದೂರದ ಮಕ್ಕಳಿಗೆ ಹಿರಿಯರ ಸುದ್ದಿ ಮುಟ್ಟಿಸುವ ಏರ್ಪಾಡುಗಳು ಹೊರದೇಶಗಳಲ್ಲೂ ಬಂದಿವೆ. ಜಪಾನಿನಲ್ಲಿ ಝೋಜಿರುಶಿ ಎಂಬ ಕಂಪನಿ 2001ರಷ್ಟು ಹಿಂದೆಯೇ ಒಂದು ವಿದ್ಯುತ್ ಕೆಟಲು ಮಾಡಿತು. ಒಂಟಿಯಾಗಿರುವ ತಾಯಿ ಚಹಕ್ಕೆ ನೀರು ಬಗ್ಗಿಸಿಕೊಂಡರೆ ಸಾಕು, ದೂರದ ಊರಿನ ಮಗನಿಗೆ ಸಂದೇಶ ಹೋಗುತ್ತದೆ. ಫ್ರಾನ್ಸಿನ ಅಂಚೆ ಸಂಸ್ಥೆ 2017ರಲ್ಲಿ ತಂದ ಸೇವೆಯಲ್ಲಿ ಅಂಚೆಯವರು ಹಿರಿಯರ ಮನೆಗೆ ಹೋಗಿ ಮಾತಾಡಿಸಿ ಮಕ್ಕಳಿಗೆ ವರದಿ ಕಳಿಸುತ್ತಾರೆ. ನನಗೆ ಎರಡನೆಯದು ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ಒಬ್ಬ ಮನುಷ್ಯ ಬಾಗಿಲಿಗೆ ಬರುತ್ತಾನೆ, ಬಂದವನಿಂದ ನಾಲ್ಕು ಸುದ್ದಿ ಕೇಳಬಹುದು. ಕೆಟಲು ಮಗನಿಗೆ ಹೇಳುತ್ತದೆ, ತಾಯಿಗೆ ಏನನ್ನೂ ಹೇಳುವುದಿಲ್ಲ. ನಮ್ಮಲ್ಲೂ ಅಂಚೆಯವರು ಪಿಂಚಣಿದಾರರ ಮನೆಗೆ ಹೋಗಿ ಬೆರಳಚ್ಚು ಪಡೆದು ಜೀವನ ಪ್ರಮಾಣ ಪತ್ರ ಮಾಡಿಕೊಡುವ ವ್ಯವಸ್ಥೆ ಬಂದಿದೆ. ಬದುಕಿದ್ದಾರೆ ಎಂದು ದಾಖಲಿಸಲು ಬಾಗಿಲಿಗೆ ಬರುವ ಅದೇ ಕೈಗೆ, ಯಾವ ಪಿಂಚಣಿ ಎಷ್ಟು ಬಂತು, ಯಾವ ಅರ್ಜಿಗೆ ಏನಾಯಿತು ಎಂದು ಜೋರಾಗಿ ಓದಿ ಹೇಳುವ ಕೆಲಸವನ್ನೂ ಸರ್ಕಾರ ಒಪ್ಪಿಸಬಾರದೇ?

ಹಿರಿಯರಿಗೆ ತಿಳಿಸಬೇಕೆಂಬುದನ್ನು ಕಾನೂನು ಮರೆತಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ, ಮಕ್ಕಳು ನೋಡಿಕೊಳ್ಳದಿದ್ದರೆ ದೂರು ಕೊಡಲು ನ್ಯಾಯಮಂಡಳಿಯನ್ನು ಕೊಟ್ಟಿತು, ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಷರತ್ತು ಮುರಿದರೆ ವಾಪಸು ಪಡೆಯುವ ದಾರಿಯನ್ನೂ ಕೊಟ್ಟಿತು. ಅದರ 21ನೇ ಕಲಮು ಈ ಎಲ್ಲವನ್ನೂ ಟಿವಿ, ರೇಡಿಯೊ, ಪತ್ರಿಕೆಗಳ ಮೂಲಕ ಆಗಾಗ ಜನರಿಗೆ ತಿಳಿಸುತ್ತಿರಬೇಕು ಎಂದು ಸರ್ಕಾರಕ್ಕೆ ಹೇಳುತ್ತದೆ. ನಾನು ಮಾತಾಡಿಸಿದ ಹಿರಿಯರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ, ಸುಪ್ರೀಂ ಕೋರ್ಟಿನ ತೀರ್ಪಿನಂತೆ, ಗುಣವಾಗುವ ಆಸೆಯಿಲ್ಲದ ರೋಗಿ ಘನತೆಯಿಂದ ಸಾಯುವ ಹಕ್ಕಿನ ಆದೇಶ ಹೊರಡಿಸಿತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಪ್ರಜ್ಞೆ ಇರುವಾಗಲೇ ಬರೆದಿಡಬಹುದು. ತನ್ನ ಗುಳಿಗೆ ಯಾಕೆ ಬದಲಾಯಿತೆಂದು ಹೇಳಿಸಿಕೊಳ್ಳದವರು ಇಷ್ಟು ದೊಡ್ಡ ಮಾತನ್ನು ಯಾವ ಧೈರ್ಯದಿಂದ ಬರೆದಾರು?

ದಾರಿಯ ಕೊನೆಗೆ ಭಟ್ಕಳದಲ್ಲಿ ಗೆಳೆಯನ ಮನೆಗೆ ಹೋದೆ. ನವಾಯತ ಮುಸ್ಲಿಮರ ಆ ಮನೆಯಲ್ಲಿ ಎರಡು ತಲೆಮಾರು ಕೊಲ್ಲಿಯಲ್ಲಿದೆ. ತಾಯಿಗೆ ಕನ್ನಡ ಅಷ್ಟಕ್ಕಷ್ಟೆ, ಮಾತನ್ನು ಗೆಳೆಯ ದಾಟಿಸಿದ. ರಾತ್ರಿ ಊಟವಾದ ಮೇಲೆ ಒಬ್ಬೊಬ್ಬರಾಗಿ ಮಕ್ಕಳು ವಿಡಿಯೊದಲ್ಲಿ ಬರುತ್ತಾರೆ, ಸಂಬಳ ತಡವಾದದ್ದು, ಮನೆ ಬದಲಿಸಿದ್ದು, ಗಂಡಹೆಂಡತಿ ಜಗಳವಾಡಿದ್ದು ಎಲ್ಲ ಹೇಳುತ್ತಾರೆ. ಸಾವಿನ ಸುದ್ದಿಯನ್ನೂ ಮುಚ್ಚಿಡುವುದಿಲ್ಲವೇ ಎಂದು ಕೇಳಿದೆ. “ಅವರಿಗೇ ಮೊದಲು ಹೇಳುವುದು. ಹೋದವರಿಗೆ ದುವಾ ಮಾಡುವವರು ಅಮ್ಮ ತಾನೆ?” ಎಂದ. ತಾಯಿಗೆ ಆ ಮನೆಯಲ್ಲಿ ಮಾಡಲು ಒಂದು ಕೆಲಸವಿದೆ. ಸುದ್ದಿ ತಿಳಿಯದೆ ಆ ಕೆಲಸ ಆಗುವುದಿಲ್ಲ. ಚಿಕ್ಕಮ್ಮನಂಥವರ ಕೈಯಿಂದ ನಾವು ಕಿತ್ತುಕೊಂಡದ್ದು ಬಹುಶಃ ಆ ಕೆಲಸವನ್ನು, ಸುದ್ದಿ ಅದರ ಹಿಂದೆಯೇ ಹೋಯಿತು.

ಮರಳುವಾಗ ಹೊನ್ನಾವರದಲ್ಲಿಳಿದು, ಶರಾವತಿ ದಡದ ಒಂದು ಹಳ್ಳಿಯ ಆಶಾ ಕಾರ್ಯಕರ್ತೆಯ ಜೊತೆ ಸ್ವಲ್ಪ ತಿರುಗಾಡಿದೆ. ಅವರ ಕೇರಿಯಲ್ಲಿ ಒಂಟಿ ಹಿರಿಯರು ಬಹಳ. ಹೊರಗಿರುವ ಮಕ್ಕಳೆಲ್ಲರ ಬಳಿ ಇವರ ನಂಬರಿದೆ. ಶುಗರ್ ಎಷ್ಟಿದೆ ನನಗೆ ಹೇಳಿ ಅಕ್ಕ, ಅಮ್ಮನಿಗೆ ಹೇಳಬೇಡಿ, ಹೆದರುತ್ತಾಳೆ ಎಂದು ಫೋನು ಬರುತ್ತದಂತೆ. ಅವರು ಮಾಡಿಕೊಂಡ ನಿಯಮ ಒಂದೇ. ಯಾರ ವಿಷಯ ಮಾತಾಡಬೇಕೋ ಅವರ ಮನೆಯಲ್ಲೇ, ಅವರ ಎದುರಿಗೇ ಕೂತು, ಸ್ಪೀಕರ್ ಹಾಕಿ ಮಾತಾಡುವುದು.

ನಾನು ಹೋದಾಗ ಹಾಗೊಂದು ಮಾತುಕತೆ ನಡೆಯಿತು. ಮಗ ಪುಣೆಯಲ್ಲಿ. ಆಶಾ ಅಕ್ಕ ಒತ್ತಡದ ಅಂಕಿ ಹೇಳಿ, ಉಪ್ಪಿನ ಮೀನು ಕಡಿಮೆ ಮಾಡಬೇಕು ಅಂದರು. “ಅಮ್ಮ ಕೇಳುವುದಿಲ್ಲ ಅಕ್ಕ, ನೀವೇ ಸ್ವಲ್ಪ ಗದರಿಸಿ” ಎಂದಿತು ಫೋನು. ಅಜ್ಜಿ ಮುಂದೆ ಬಾಗಿದರು.

“ಗದ್ರಿಸೂದು ಬೇಡ, ನಾನು ಇಲ್ಲೇ ಇದ್ದೆ. ಒತ್ತಡ ಮೇಲೆ ಹೋಗಿದೆ, ನಂಗೆ ಅಕ್ಕ ಹೇಳ್ದಳು. ಮೀನು ವಾರಕ್ಕೆ ಒಂದೇ ಸಲ ತಿಂತೆ, ಅದು ಆತು. ಈಗ ನೀ ಹೇಳು. ಕೆಲ್ಸ ಬಿಟ್ಟಿ ಅಂತ ಪೇಟೇಲಿ ಮಾತಾಡ್ತ್ರು. ಹೌದನ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಗ ಹೇಳತೊಡಗಿದ. ಕಂಪನಿ ಮುಚ್ಚಿದ್ದು, ಎರಡು ತಿಂಗಳಾದದ್ದು, ಹೊಸ ಕಡೆ ಮಾತಾಗಿರುವುದು. ಅಜ್ಜಿ ನಡುನಡುವೆ ಬಾಡಿಗೆ ಎಷ್ಟು, ಮಗುವಿನ ಫೀಸು ಕಟ್ಟಿದ್ದೀಯಾ ಎಂದು ಕೇಳುತ್ತ, ಪೆಟ್ಟಿಗೆಯಲ್ಲಿ ಇಟ್ಟ ದುಡ್ಡಿನ ಲೆಕ್ಕವನ್ನು ಬೆರಳಿನಲ್ಲಿ ಹಾಕತೊಡಗಿದರು. ಆಶಾ ಅಕ್ಕ ಫೋನನ್ನು ಅವರ ಕೈಗೆ ಕೊಟ್ಟು, ಪಕ್ಕದ ಮನೆಗೆ ಹೋಗೋಣ ಎಂದು ನನಗೆ ಸನ್ನೆ ಮಾಡಿದರು.